ಮನೆ ಮಾರುವ ಮುನ್ನ: ಎಲ್ಲಿ ಹಣ ಹಾಕಬೇಕು, ಯಾವುದನ್ನು ಇದ್ದಂತೆ ಬಿಡಬೇಕು

ಮನೆ ಮಾರಲು ಮನಸ್ಸು ಮಾಡಿದ ಕುಟುಂಬದಲ್ಲಿ ಮೊದಲು ಏಳುವ ಪ್ರಶ್ನೆ, ಬಣ್ಣ ಹೊಡೆಸಬೇಕೇ ಬೇಡವೇ ಎಂಬುದು. ಅದರ ಬೆನ್ನಿಗೇ ಉಳಿದವು ಬರುತ್ತವೆ: ಖಾಲಿ ಮಾಡಿ ತೋರಿಸಬೇಕೇ, ಇದ್ದುಕೊಂಡೇ ತೋರಿಸಬಹುದೇ, ಬ್ರೋಕರ್ ಕೈಗೆ ಬೀಗದ ಕೈ ಕೊಡಬೇಕೇ, ಆಷಾಢ ಕಳೆಯಲೆಂದು ಕಾಯಬೇಕೇ. ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಆದರೆ ಈ ಎಲ್ಲದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ. ಬರುವ ಗಿರಾಕಿ ದುಡ್ಡು ಕೊಡುವುದು ಗೋಡೆಗೋ, ಗೋಡೆ ನಿಂತ ನೆಲಕ್ಕೋ? ಇದಕ್ಕೆ ಉತ್ತರ ಸಿಕ್ಕರೆ ಮಿಕ್ಕ ಆಯ್ಕೆಗಳು ಅರ್ಧ ತಾವೇ ತೀರ್ಮಾನವಾಗುತ್ತವೆ. ಸಿಗದಿದ್ದರೆ ಬೇಡದ ಕಡೆ ಲಕ್ಷಗಟ್ಟಲೆ ಸುರಿದು, ಬೇಕಾದ ಕಡೆ ಕೈ ಬಿಗಿಹಿಡಿಯುತ್ತೇವೆ.

ನೆಲದ ಮಾರಾಟ, ಮನೆಯ ಮಾರಾಟ

ಬೆಂಗಳೂರಿನ ರಾಜಾಜಿನಗರದಲ್ಲೋ ಜಯನಗರದಲ್ಲೋ ನಲವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಯೊಂದು 30×40 ನಿವೇಶನದಲ್ಲಿದೆ ಎಂದುಕೊಳ್ಳಿ. ಲೆಕ್ಕಕ್ಕಾಗಿ ಚದರ ಅಡಿಗೆ 12,000 ರೂಪಾಯಿ ಎಂದು ಹಿಡಿದರೂ 1,200 ಚದರ ಅಡಿಗೆ 1 ಕೋಟಿ 44 ಲಕ್ಷ. ಇಷ್ಟೂ ನೆಲದ ಬೆಲೆ. ಕೊಳ್ಳುವವರು ಹಳೆಯದನ್ನು ಕೆಡವಿ ಹೊಸದಾಗಿ ಮಹಡಿ ಎಬ್ಬಿಸುವ ಲೆಕ್ಕದಲ್ಲೇ ಬಂದಿರುತ್ತಾರೆ. ಅವರು ಕೇಳುವುದು ರಸ್ತೆ ಎಷ್ಟು ಅಡಿ ಅಗಲ, ನಿವೇಶನ ಯಾವ ದಿಕ್ಕಿಗೆ ಮುಖ ಮಾಡಿದೆ, ಪಕ್ಕದವರ ಗೋಡೆ ಒಳಗೆ ಬಂದಿದೆಯೇ, ಕಾವೇರಿ ನೀರಿನ ಸಂಪರ್ಕ ಇದೆಯೇ ಎಂದು. ಇಂಥವರಿಗಾಗಿ ಗೋಡೆಗೆ ಪುಟ್ಟಿ ಹಚ್ಚಿಸಿ ಬಣ್ಣ ಹೊಡೆಸುವುದು ನೀರಿನಲ್ಲಿ ಹೋಮ ಮಾಡಿದ ಹಾಗೆ. ಅದರ ಬದಲು ಹಿತ್ತಲಿನ ಗಿಡಗಂಟಿ, ಮುರಿದ ಹೆಂಚು, ಹಳೇ ಸಿಂಟೆಕ್ಸ್ ತೊಟ್ಟಿ ಎಲ್ಲವನ್ನೂ ಸಾಗಿಸಿ, ನಾಲ್ಕು ಮೂಲೆಯೂ ಕಾಣುವಂತೆ ಮಾಡಿ. ಅಳತೆಯ ಟೇಪು ಹಿಡಿದು ನಡೆಯಲು ಸುತ್ತಲೂ ಜಾಗ ಬಿಡಿಸಿ. ಪತ್ರದಲ್ಲಿರುವ ಅಳತೆಗೂ ನೆಲದ ಮೇಲಿನ ಅಳತೆಗೂ ವ್ಯತ್ಯಾಸವಿದ್ದರೆ ಸರ್ವೇಯರ್ ಕರೆಸಿ ನೀವೇ ಮೊದಲು ತಿಳಿದುಕೊಳ್ಳಿ. ಒಂದು ಎಚ್ಚರಿಕೆ: ಜಾಗ ವಿಶಾಲವಾಗಿ ಕಾಣಲೆಂದು ಮರ ಕಡಿಸಲು ಹೋಗಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಗರದೊಳಗಿನ ಮರಕ್ಕೂ ಅನುಮತಿ ಬೇಕು.

ಇನ್ನು ಫ್ಲ್ಯಾಟು, ಅಥವಾ ಹತ್ತು ಹದಿನೈದು ವರ್ಷದ ಒಳಗಿನ ಗಟ್ಟಿಮುಟ್ಟಾದ ಮನೆ. ಇಲ್ಲಿ ಬರುವವರು ಗೃಹಪ್ರವೇಶದ ದಿನವನ್ನು ಕಣ್ಣಮುಂದೆ ಇಟ್ಟುಕೊಂಡಿರುತ್ತಾರೆ. ಅವರ ಜೇಬಿನ ಲೆಕ್ಕವನ್ನು ಮಾರುವವರು ಒಮ್ಮೆ ಕೂತು ಮಾಡಬೇಕು. 1 ಕೋಟಿಯ ಫ್ಲ್ಯಾಟಿಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಸಿಗುವ ಸಾಲ ಹೆಚ್ಚೆಂದರೆ 75 ಲಕ್ಷ. ಉಳಿದ 25 ಲಕ್ಷ ಕೈಯಿಂದ ಹಾಕಬೇಕು. ಮುದ್ರಾಂಕ ಶುಲ್ಕ 5 ಪ್ರತಿಶತ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರ ಬದಲು 2 ಪ್ರತಿಶತವಾಗಿದೆ. ಅಲ್ಲಿಗೆ ಇನ್ನೂ 7 ಲಕ್ಷ 60 ಸಾವಿರ. ಇದಕ್ಕೆ ಸಾಲ ಹುಟ್ಟುವುದಿಲ್ಲ. ಒಟ್ಟು 32 ಲಕ್ಷ 60 ಸಾವಿರ ಹೊಂದಿಸುವಷ್ಟರಲ್ಲಿ ಉಳಿತಾಯ, ಭವಿಷ್ಯ ನಿಧಿ, ಕೆಲವೊಮ್ಮೆ ಚಿನ್ನ ಕೂಡ ಕರಗಿರುತ್ತದೆ. ಕೊಂಡ ಮೇಲೆ ಬಚ್ಚಲು ಒಡೆಸಿ ಕಟ್ಟಿಸಲು ಎರಡು ಲಕ್ಷ ಅವರ ಕೈಯಲ್ಲಿ ಉಳಿದಿರುವುದಿಲ್ಲ.

ಆದ್ದರಿಂದಲೇ ಈ ಬಗೆಯ ಮಾರಾಟದಲ್ಲಿ ದುರಸ್ತಿಗೆ ಬೆಲೆ ಇದೆ. ನೀವು ಸರಿಮಾಡಿಸಿದರೆ ಅದರ ಖರ್ಚು ಮನೆಯ ಬೆಲೆಯೊಳಗೆ ಸೇರುತ್ತದೆ, ಬೆಲೆಯ ಮುಕ್ಕಾಲು ಭಾಗಕ್ಕೆ ಬ್ಯಾಂಕು ಸಾಲ ಕೊಡುತ್ತದೆ, ತಿಂಗಳ ಕಂತಿನಲ್ಲಿ ಅದು ಹೇಗೋ ತೀರುತ್ತದೆ. ನೀವು ಮಾಡಿಸದೆ ಬಿಟ್ಟರೆ ಅದೇ ಖರ್ಚು ಅವರ ಬರಿದಾದ ಕೈಯಿಂದ ಒಂದೇ ಸಲಕ್ಕೆ ಹೋಗಬೇಕು. ಒಂದು ಸೋರುವ ನಲ್ಲಿ ಕಂಡರೂ ಅವರು ಹೆದರುವುದು, ಚೌಕಾಸಿಯಲ್ಲಿ ಅದಕ್ಕೆ ಹತ್ತರಷ್ಟು ಕಳೆಯುವುದು ಇದೇ ಕಾರಣಕ್ಕೆ.

ಎರಡರ ನಡುವಿನ ಮನೆಗಳೂ ಇವೆ. ಇಪ್ಪತ್ತೈದು ವರ್ಷದ ಮನೆ, ಕೆಳಗೆ ಮಾಲೀಕರು, ಮೇಲೆ ಬಾಡಿಗೆ. ಇಲ್ಲಿ ಎರಡೂ ಬಗೆಯ ಗಿರಾಕಿಗಳು ಬರುತ್ತಾರೆ. ಇಂಥದ್ದನ್ನು ಮನೆ ಎಂದೇ ಸಿದ್ಧಪಡಿಸಿ. ನೆಲಕ್ಕಾಗಿ ಬಂದವರಿಗೆ ಅದರಿಂದ ನಷ್ಟವಿಲ್ಲ, ಮನೆಗಾಗಿ ಬಂದವರು ನೆಲದ ಬೆಲೆಯ ಮೇಲೆ ಅಷ್ಟಿಷ್ಟು ಹೆಚ್ಚೇ ಕೊಡುತ್ತಾರೆ.

ಇದ್ದಂತೆ ಮಾರುವುದು, ಚಿಕ್ಕ ದುರಸ್ತಿ, ಪೂರ್ತಿ ನವೀಕರಣ

ನೆಲದ ಮಾರಾಟವಾದರೆ ಇದ್ದಂತೆ ಮಾರಿ. ಆ ಮಾತು ಮುಗಿಯಿತು.

ಮನೆಯ ಮಾರಾಟವಾದರೆ ಪೂರ್ತಿ ನವೀಕರಣ ನನ್ನ ದೃಷ್ಟಿಯಲ್ಲಿ ತಪ್ಪು ಆಯ್ಕೆ. ಹೊಸ ಮಾಡ್ಯುಲರ್ ಅಡುಗೆಮನೆ, ಹೊಸ ಟೈಲು, ಫಾಲ್ಸ್ ಸೀಲಿಂಗ್ ಇವೆಲ್ಲ ನಿಮ್ಮ ರುಚಿಗೆ ತಕ್ಕಂತೆ ಆಗುತ್ತವೆ, ಬರುವವರ ರುಚಿ ಬೇರೆ. ಕಡುಗೆಂಪು ಕ್ಯಾಬಿನೆಟ್ ನೋಡಿ ಮುಖ ಸಿಂಡರಿಸಿದವರು ಅದಕ್ಕೆ ಬೆಲೆ ಕೊಡುವುದಿರಲಿ, ಕಿತ್ತುಹಾಕುವ ಖರ್ಚನ್ನು ಕಳೆಯುತ್ತಾರೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ವಿಷಯದಲ್ಲಂತೂ ದಯವಿಟ್ಟು ಕೈ ಇಡಬೇಡಿ. ಅದರ ಮೇಲೆ ವಿಟ್ರಿಫೈಡ್ ಟೈಲು ಹೊದೆಸುವುದು ದಂಡದ ಖರ್ಚು ಮಾತ್ರವಲ್ಲ, ಇಂದು ಹುಡುಕಿದರೂ ಸಿಗದ ಗಾರೆ ಕೆಲಸವೊಂದನ್ನು ಮುಚ್ಚಿಹಾಕಿದಂತೆ. ಚೆನ್ನಾಗಿ ಉಜ್ಜಿ ಪಾಲಿಶ್ ಮಾಡಿಸಿದರೆ ಅಂಥ ನೆಲವನ್ನು ನೋಡಿಯೇ ಮನೆ ಮೆಚ್ಚುವವರು ಇದ್ದಾರೆ.

ಉಳಿದದ್ದು ಮಧ್ಯದ ದಾರಿ. ಅದರಲ್ಲೂ ಒಂದು ಕ್ರಮವಿದೆ: ಮೊದಲು ನೀರು, ಆಮೇಲೆ ಕರೆಂಟು, ಆಮೇಲೆ ಬಾಗಿಲು ಕಿಟಕಿ, ಕಡೆಗೆ ಬಣ್ಣ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ.

ತೇವದ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಮನೆ ನೋಡಲು ಬಂದವರು ಹಿಂದೆ ಸರಿಯುವುದು ಬಹುಪಾಲು ಇದರಿಂದಲೇ. ಬಚ್ಚಲಿನ ಹಿಂಬದಿಯ ಗೋಡೆ, ಓವರ್‌ಹೆಡ್ ಟ್ಯಾಂಕಿನ ಕೆಳಗಿನ ಕೋಣೆಯ ಮೂಲೆ, ಕಿಟಕಿಯ ಸಜ್ಜೆ ಗೋಡೆಗೆ ಸೇರುವ ಜಾಗ, ಈ ಮೂರನ್ನು ಮೊದಲು ನೋಡಿ. ಬಣ್ಣ ಗುಳ್ಳೆ ಎದ್ದಿರುತ್ತದೆ, ಬೆರಳಿನಿಂದ ಒತ್ತಿದರೆ ಪುಡಿಪುಡಿಯಾಗಿ ಉದುರುತ್ತದೆ, ಅದರಡಿ ಬಿಳಿಯ ಉಪ್ಪು ಕೂತಿರುತ್ತದೆ. ತೇವ ಇನ್ನೂ ಇದೆಯೋ ಹಳೆಯದರ ಗುರುತೋ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ದಪ್ಪ ಪ್ಲಾಸ್ಟಿಕ್ ಹಾಳೆಯ ಒಂದು ಚೌಕವನ್ನು ಆ ಜಾಗಕ್ಕೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದೆರಡು ದಿನ ಬಿಡಿ. ಬಿಡಿಸಿದಾಗ ಗೋಡೆಯ ಕಡೆಯ ಮೈಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಹನಿ ಇದ್ದರೆ ಕೋಣೆಯ ಗಾಳಿಯ ಪಸೆ, ಕಿಟಕಿ ತೆರೆದಿಟ್ಟರೆ ಸಾಕು.

ಒಳಗಿಂದ ಬರುತ್ತಿದ್ದರೆ ಬಣ್ಣದವರನ್ನಲ್ಲ, ಮೊದಲು ಪ್ಲಂಬರನ್ನು ಕರೆಯಿರಿ. ಟ್ಯಾಂಕಿನ ಓವರ್‌ಫ್ಲೋ ಪೈಪು ಗೋಡೆಯ ಮೇಲೇ ಸುರಿಯುತ್ತಿರಬಹುದು, ತಾರಸಿಯ ಮಳೆನೀರಿನ ಬಾಯಿಗೆ ಎಲೆ ಕಟ್ಟಿರಬಹುದು, ಬಚ್ಚಲಿನ ಟೈಲು ಸಂದಿನ ಸಿಮೆಂಟು ಬಿಟ್ಟಿರಬಹುದು. ಮೂಲ ಸರಿಯಾದ ಮೇಲೆ ಗಾರೆ ಕೆತ್ತಿ ಹೊಸದಾಗಿ ಮೆತ್ತಿ, ಅದು ಚೆನ್ನಾಗಿ ಆರಲು ಮೂರ್ನಾಲ್ಕು ವಾರ ಬಿಡಬೇಕು. ಆತುರಪಟ್ಟು ಹಸಿಗಾರೆಯ ಮೇಲೆ ಪುಟ್ಟಿ ಎಳೆದರೆ ಮತ್ತೆ ಗುಳ್ಳೆ ಏಳುತ್ತದೆ. ಕೊಳ್ಳುವವರು ಎರಡನೆಯ ಸಲ ಬರುವ ಹೊತ್ತಿಗೆ ಎದ್ದರಂತೂ ಆ ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ.

ಕಲೆ ಇರುವ ಜಾಗಕ್ಕೆ ಮಾತ್ರ ತೇಪೆ ಹಾಕಿದಂತೆ ಬಣ್ಣ ಹೊಡೆಸುವುದಕ್ಕಿಂತ ಕಲೆಯನ್ನು ಹಾಗೇ ಬಿಡುವುದು ಮೇಲು. ಒಂದೇ ಗೋಡೆ ಹೊಸದಾಗಿ ಹೊಳೆಯುತ್ತಿದ್ದರೆ ಅನುಭವಸ್ಥರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಆಮೇಲೆ ನೀವು ಹೇಳಿದ ನಿಜವನ್ನೂ ಅವರು ನಂಬುವುದಿಲ್ಲ. ಇದು ಬರಿಯ ನೀತಿಯ ಮಾತಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಕೊಳ್ಳುವವರು ಸಾಧಾರಣ ಎಚ್ಚರದಿಂದ ನೋಡಿದರೂ ಕಾಣಲಾಗದ, ಮಾರುವವರಿಗೆ ಮಾತ್ರ ಗೊತ್ತಿರುವ ಮುಖ್ಯ ದೋಷವನ್ನು ತಿಳಿಸುವುದು ಮಾರುವವರ ಹೊಣೆ.

ಬಣ್ಣಕ್ಕೆ ಬಂದರೆ, ಬಿಳಿಗೆ ಹತ್ತಿರದ ಒಂದೇ ತಿಳಿಬಣ್ಣ ಮನೆಯೆಲ್ಲಕ್ಕೂ ಸಾಕು. ದುಬಾರಿ ಎಮಲ್ಷನ್ ಬೇಕಾಗಿಲ್ಲ, ಆದರೆ ಪ್ರೈಮರ್ ಇಲ್ಲದೆ ಹೊಡೆಸಬೇಡಿ. ಮುಂಬಾಗಿಲಿಗೆ ಮಾತ್ರ ಲೋಭ ಮಾಡಬೇಡಿ. ಹೊಸ್ತಿಲು, ಬಾಗಿಲ ಚೌಕಟ್ಟು, ಕರೆಗಂಟೆ, ಗೇಟಿನ ಚಿಲಕ ಇವು ಸುಸ್ಥಿತಿಯಲ್ಲಿದ್ದರೆ ಒಳಗೆ ಹೆಜ್ಜೆ ಇಡುವ ಮೊದಲೇ ಮನೆಯ ಬಗ್ಗೆ ಸದಭಿಪ್ರಾಯ ಹುಟ್ಟುತ್ತದೆ. ತೆರಿಗೆಯ ಒಂದು ಅಂಶವನ್ನೂ ಇಲ್ಲೇ ಸೇರಿಸುತ್ತೇನೆ: ಬಣ್ಣ, ನಲ್ಲಿ ರಿಪೇರಿಯಂಥ ಮಾಮೂಲು ಖರ್ಚನ್ನು, ಮಾರಾಟದಿಂದ ಬರುವ ಬಂಡವಾಳ ಲಾಭದ ಲೆಕ್ಕದಲ್ಲಿ ಸಾಮಾನ್ಯವಾಗಿ ಕಳೆಯಲಾಗುವುದಿಲ್ಲ. ಹೊಸ ಕೋಣೆ ಕಟ್ಟಿಸಿದಂಥ ಖರ್ಚನ್ನು, ಬಿಲ್ಲು ಇದ್ದರೆ, ಕಳೆಯಬಹುದು. ಹಿಂದೆ ಮಹಡಿ ಕಟ್ಟಿಸಿದ್ದರೆ ಆ ಬಿಲ್ಲುಗಳನ್ನು ಈಗಲೇ ಹುಡುಕಿಡಿ.

ವಾಸ್ತುವಿಗಾಗಿ ಒಡೆದು ಕಟ್ಟಿಸಬೇಕೇ ಎಂದು ಬಹಳ ಮಂದಿ ಕೇಳುತ್ತಾರೆ. ಬೇಡ. ಈಶಾನ್ಯದಲ್ಲಿ ಶೌಚಾಲಯ ಇದ್ದರೆ, ಅಡುಗೆಮನೆ ಆಗ್ನೇಯದಲ್ಲಿ ಇಲ್ಲದಿದ್ದರೆ, ಅದನ್ನು ಫೋನಿನಲ್ಲೇ ಹೇಳಿಬಿಡಿ. ನಂಬುವವರು ಬರುವುದಿಲ್ಲ, ಇಬ್ಬರ ಹೊತ್ತೂ ಉಳಿಯಿತು. ಬಂದವರು ಅದನ್ನು ತಿಳಿದೇ ಬಂದಿರುತ್ತಾರಾದ್ದರಿಂದ ಚೌಕಾಸಿಯಲ್ಲಿ ಅದನ್ನು ಆಯುಧ ಮಾಡಿಕೊಳ್ಳುವುದೂ ಕಷ್ಟ.

ಇದ್ದುಕೊಂಡು, ಖಾಲಿ ಮಾಡಿ, ಅಥವಾ ಬಾಡಿಗೆಯವರು ಇರುವಾಗ

ಮನೆ ನೋಡಲು ಬರುವ ಕುಟುಂಬವನ್ನು ಒಮ್ಮೆ ಗಮನಿಸಿ. ಗಂಡ ಹಾಲ್‌ನಲ್ಲಿ ನಿಂತು ಬ್ರೋಕರ್ ಜೊತೆ ದರ ಮಾತಾಡುತ್ತಿರುತ್ತಾನೆ. ಅವನ ತಾಯಿ ಯಾರನ್ನೂ ಕೇಳದೆ ನೇರ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಾರೆ. ನೀರಿನ ರಭಸ ನೋಡಿ, ಸಿಂಕಿನ ಕೆಳಗಿನ ಬಾಗಿಲು ತೆಗೆದು ಬಗ್ಗಿ ಮೂಸುತ್ತಾರೆ. ಅಲ್ಲಿಂದ ಯುಟಿಲಿಟಿಗೆ ಬಂದು, ಬಟ್ಟೆ ಒಣಗಿಸುವ ತಂತಿಗೆ ಎಷ್ಟು ಹೊತ್ತಿನವರೆಗೆ ಬಿಸಿಲು ಬೀಳುತ್ತದೆ ಎಂದು ಕೇಳುತ್ತಾರೆ. ಸೊಸೆ ಮಲಗುವ ಕೋಣೆಯ ಗೋಡೆಗೂ ಮಂಚಕ್ಕೂ ನಡುವೆ ಬೀರು ಹಿಡಿಯುತ್ತದೆಯೇ ಎಂದು ಹೆಜ್ಜೆಯಲ್ಲಿ ಅಳೆಯುತ್ತಾಳೆ. ತೀರ್ಮಾನ ಆಗುವುದು ಹಾಲ್‌ನಲ್ಲಲ್ಲ, ಈ ಇಬ್ಬರು ಕಾರಿನಲ್ಲಿ ವಾಪಸು ಹೋಗುವಾಗ. ಮೂರು ಆಯ್ಕೆಗಳನ್ನೂ ಇವರ ಕಣ್ಣಿನಿಂದ ತೂಗಿ ನೋಡಬೇಕು.

ವಾಸವಿರುವ ಮನೆಗೆ ಒಂದು ಬಲವಿದೆ. ದೀಪ ಹಚ್ಚಿದ ದೇವರಮನೆ, ಮಂಚ ಹಾಕಿದ ಕೋಣೆ, ನಡೆಯುತ್ತಿರುವ ಅಡುಗೆಮನೆ ನೋಡಿದಾಗ ಇಲ್ಲಿ ಸಂಸಾರ ಚೆನ್ನಾಗಿ ನಡೆದಿದೆ ಎಂಬ ಭಾವನೆ ಬರುತ್ತದೆ. ನಮ್ಮವರಿಗೆ ಅದು ಸಣ್ಣ ವಿಷಯವಲ್ಲ. ತೊಂದರೆ ಇರುವುದು ಸಾಮಾನಿನಲ್ಲಿ. ಅಟ್ಟದಿಂದ ಇಣುಕುವ ಹಿತ್ತಾಳೆ ಹಂಡೆ, ಬಾಲ್ಕನಿಯಲ್ಲಿ ಹಳೇ ಪತ್ರಿಕೆಯ ಕಟ್ಟು, ಮಂಚದ ಕೆಳಗಿನ ಸೂಟ್‌ಕೇಸುಗಳು ಕೋಣೆಯನ್ನು ಅರ್ಧ ಮಾಡುತ್ತವೆ. ಹೇಗೂ ಮನೆ ಬಿಡುವವರು ತಾನೇ? ಕಟ್ಟಬೇಕಾದದ್ದರಲ್ಲಿ ಅರ್ಧವನ್ನು ತೋರಿಸಲು ಶುರುಮಾಡುವ ಮೊದಲೇ ಕಟ್ಟಿ ನೆಂಟರ ಮನೆಗೋ ಬಾಡಿಗೆ ಗೋದಾಮಿಗೋ ಸಾಗಿಸಿ. ಚಿನ್ನ, ಮೂಲ ಪತ್ರ, ಔಷಧಿ ಇವು ಮೊದಲ ದಿನವೇ ಲಾಕರಿಗೆ ಹೋಗಲಿ. ಗಿರಾಕಿ ಬರುವ ಹೊತ್ತಿಗೆ ಒಗ್ಗರಣೆ ಹಾಕುವುದು, ಟಿವಿ ಜೋರಾಗಿ ಇಡುವುದು ಬೇಡ. ಮನೆಯಲ್ಲಿ ಒಬ್ಬರು ಮಾತ್ರ ಜೊತೆಗಿದ್ದು, ಉಳಿದವರು ಪಾರ್ಕಿಗೋ ದೇವಸ್ಥಾನಕ್ಕೋ ಹೋಗಿಬಂದರೆ ಬಂದವರು ಸಂಕೋಚವಿಲ್ಲದೆ ನೋಡುತ್ತಾರೆ.

ಖಾಲಿ ಮನೆ ಸ್ವಚ್ಛವಾಗಿ ಕಾಣುತ್ತದೆ, ಯಾವಾಗ ಬೇಕಾದರೂ ತೋರಿಸಬಹುದು, ಅಳತೆ ತೆಗೆಯುವುದು ಸಲೀಸು. ಆದರೆ ಖಾಲಿ ಬಿಟ್ಟ ಮನೆ ಬೇಗ ಹಾಳಾಗುತ್ತದೆ. ಬಚ್ಚಲಿನ ಮೋರಿಯ ಟ್ರ್ಯಾಪಿನಲ್ಲಿ ಸದಾ ಸ್ವಲ್ಪ ನೀರು ನಿಂತಿರಬೇಕು, ಚರಂಡಿಯ ವಾಸನೆಯನ್ನು ತಡೆಯುವುದು ಅದೇ. ಕೆಲವು ವಾರ ಯಾರೂ ಬಳಸದಿದ್ದರೆ ಆ ನೀರು ಆರಿ, ವಾಸನೆಯೂ ಜಿರಲೆಯೂ ಮೇಲೆ ಬರುತ್ತವೆ. ಬಾಗಿಲು ತೆಗೆದ ಕೂಡಲೇ ಆ ವಾಸನೆ ಮುಖಕ್ಕೆ ರಾಚಿದರೆ ಮುಂದಿನ ಯಾವ ಮಾತೂ ಫಲಿಸುವುದಿಲ್ಲ. ವಾರಕ್ಕೊಮ್ಮೆ ಯಾರಾದರೂ ಹೋಗಿ ಪ್ರತಿ ಮೋರಿಗೂ ಒಂದು ಚೊಂಬು ನೀರು ಹಾಕಿ, ಎಲ್ಲ ನಲ್ಲಿಗಳನ್ನು ಬಿಟ್ಟು, ಕಿಟಕಿ ತೆರೆದು ಬರಬೇಕು. ಕರೆಂಟು ಬಿಲ್ಲು ಬಾಕಿ ಉಳಿಸಿ ಸಂಪರ್ಕ ಕಡಿಸಿಕೊಳ್ಳಬೇಡಿ. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ತೋರಿಸಿದ ಮನೆಯನ್ನು ಯಾರೂ ಕೊಂಡದ್ದು ಕಾಣೆ.

ಅಮೆರಿಕದಲ್ಲಿ ಬಾಡಿಗೆ ಪೀಠೋಪಕರಣ ತಂದು ಮನೆಯನ್ನು ಸಜ್ಜುಗೊಳಿಸಿ ತೋರಿಸುವ ಪದ್ಧತಿ ಇದೆ. ಅಲ್ಲಿರುವ ಮಕ್ಕಳು ಇಲ್ಲಿನ ತಂದೆತಾಯಿಗೆ ಅದನ್ನೇ ಸೂಚಿಸುವುದುಂಟು. ದೊಡ್ಡ ವಿಲ್ಲಾ ಆದರೆ ಯೋಚಿಸಬಹುದು. ಎರಡು ಕೋಣೆಯ ಫ್ಲ್ಯಾಟಿಗೆ ಹಾಲ್‌ನಲ್ಲಿ ಎರಡು ಕುರ್ಚಿ, ಕಿಟಕಿಗೆ ಪರದೆ, ಎಲ್ಲ ಕೋಣೆಯಲ್ಲೂ ಉರಿಯುವ ಬಲ್ಬು ಇದ್ದರೆ ಸಾಕು. ವಿದೇಶದಲ್ಲಿರುವವರು ಆ ಹಣವನ್ನೂ ಗಮನವನ್ನೂ ಬೇರೆ ಎರಡು ಕಡೆ ಕೊಡುವುದು ಲೇಸು. ಒಂದು, ತಮ್ಮ ಪರವಾಗಿ ಮಾರಲು ಇಲ್ಲಿನವರಿಗೆ ಅಲ್ಲಿಂದ ಕಳಿಸುವ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ). ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿ ಸಕ್ರಮವಾಗಬೇಕು. ಇನ್ನೊಂದು, ಟಿಡಿಎಸ್, ಅಂದರೆ ಕೊಳ್ಳುವವರು ಹಣ ಕೊಡುವಾಗಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಮಾರುವವರು ಅನಿವಾಸಿಯಾಗಿದ್ದರೆ, ಇಲ್ಲಿನವರಿಗೆ 50 ಲಕ್ಷ ಮತ್ತು ಅದಕ್ಕೆ ಮೇಲಿನ ಮಾರಾಟದಲ್ಲಿ ಕಡಿತವಾಗುವ 1 ಪ್ರತಿಶತ ಅನ್ವಯಿಸುವುದಿಲ್ಲ. ದೀರ್ಘಾವಧಿ ಬಂಡವಾಳ ಲಾಭದ 12.5 ಪ್ರತಿಶತದ ಮೇಲೆ ಸರ್‌ಚಾರ್ಜ್, ಸೆಸ್ ಸೇರಿಸಿ ಕಡಿತವಾಗುತ್ತದೆ. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕದಿದ್ದರೆ ದೊಡ್ಡ ಮೊತ್ತ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಇದನ್ನು ತಿಳಿಯದ ಕೊಳ್ಳುವವರು ಕಡೆಯ ಗಳಿಗೆಯಲ್ಲಿ ಗಾಬರಿಯಾಗುವುದೂ ಇದೆ.

ಬಾಡಿಗೆಯವರು ಇರುವ ಮನೆ ಈ ಮೂರರಲ್ಲಿ ಕಷ್ಟದ್ದು. ಅವರು ಕೆಟ್ಟವರೆಂದಲ್ಲ. ಮನೆ ಹೋಗುತ್ತದೆ ಎಂಬ ಆತಂಕದಲ್ಲಿರುವವರು ಭಾನುವಾರ ಬೆಳಿಗ್ಗೆ ಅಪರಿಚಿತರಿಗೆ ನಗುನಗುತ್ತಾ ಬಾಗಿಲು ತೆಗೆಯಲಿ ಎಂದು ನಿರೀಕ್ಷಿಸುವುದೇ ತಪ್ಪು. ಮೊದಲೇ ಕೂರಿಸಿ ಮಾತಾಡಿ: ಮುಂಗಡ ಯಾವ ದಿನ ವಾಪಸಾಗುತ್ತದೆ, ಎಷ್ಟು ದಿನದ ಗಡುವು ಕೊಡುತ್ತೀರಿ, ತೋರಿಸುವ ತಿಂಗಳುಗಳಲ್ಲಿ ಬಾಡಿಗೆಯಲ್ಲಿ ಎಷ್ಟು ಬಿಡುತ್ತೀರಿ. ಇಷ್ಟನ್ನು ಬರೆದುಕೊಟ್ಟರೆ ಅವರೇ ಮನೆಯನ್ನು ಒಪ್ಪವಾಗಿ ಇಟ್ಟು ತೋರಿಸುತ್ತಾರೆ. ಐಟಿ ಕಚೇರಿಗಳ ಹತ್ತಿರದ ಚಿಕ್ಕ ಫ್ಲ್ಯಾಟಾದರೆ ಬಾಡಿಗೆದಾರರು ಇರುವುದೇ ಆಕರ್ಷಣೆ, ಏಕೆಂದರೆ ಅಲ್ಲಿ ಬಾಡಿಗೆಯ ಆದಾಯಕ್ಕಾಗಿ ಕೊಳ್ಳುವವರು ಹೆಚ್ಚು. ಸ್ವಂತ ವಾಸಕ್ಕೆ ಹುಡುಕುವವರೇ ಬರುವ ಬಡಾವಣೆಯಲ್ಲಿ ಖಾಲಿ ಮಾಡಿಸಿಯೇ ಮಾರಾಟಕ್ಕೆ ಇಡುವುದು ಸರಿ.

ಒಟ್ಟಿನಲ್ಲಿ ನನ್ನ ಮತ ಇದು: ನೀವು ಅದೇ ಊರಿನಲ್ಲಿದ್ದರೆ, ಸಾಮಾನು ಅರ್ಧ ಕಳಿಸಿ ಇದ್ದುಕೊಂಡೇ ತೋರಿಸಿ. ಊರಿನಲ್ಲಿಲ್ಲದಿದ್ದರೆ ಖಾಲಿ ಮಾಡಿಸಿ, ಆದರೆ ವಾರವಾರ ನೋಡಿಕೊಳ್ಳುವವರೊಬ್ಬರನ್ನು ಗೊತ್ತುಮಾಡಿ.

ತೋರಿಸುವವರು ಯಾರು

ಬ್ರೋಕರ್ ಮೂಲಕ ಹೋದರೆ ಸಾಮಾನ್ಯವಾಗಿ ಬೆಲೆಯ ಒಂದರಿಂದ ಎರಡು ಪ್ರತಿಶತ ಕಮಿಷನ್. ಮಾತಾಡಿಕೊಂಡಂತೆ ಕೆಲವರು ಎರಡೂ ಕಡೆಯಿಂದ ತೆಗೆದುಕೊಳ್ಳುತ್ತಾರೆ. ಮ್ಯಾಜಿಕ್‌ಬ್ರಿಕ್ಸ್, 99ಏಕರ್ಸ್, ನೋಬ್ರೋಕರ್‌ನಂಥ ತಾಣಗಳಲ್ಲಿ ನೀವೇ ಹಾಕಿದರೆ ಆ ಹಣ ಉಳಿಯುತ್ತದೆ, ಬದಲಿಗೆ ದಿನವಿಡೀ ಫೋನು ಹಿಡಿಯಬೇಕು. ನೆಲದ ಮಾರಾಟಕ್ಕೆ ಆ ಬಡಾವಣೆಯಲ್ಲೇ ಬೇರೂರಿದ ಬ್ರೋಕರ್ ಉಪಯೋಗಕ್ಕೆ ಬರುತ್ತಾನೆ. ಯಾವ ಅಡ್ಡರಸ್ತೆಯಲ್ಲಿ ಯಾರು ನಿವೇಶನ ಹುಡುಕುತ್ತಿದ್ದಾರೆಂದು ಅವನಿಗೆ ಗೊತ್ತು. ಫ್ಲ್ಯಾಟಿಗೆ ಅಪಾರ್ಟ್‌ಮೆಂಟಿನ ನಿವಾಸಿಗಳ ವಾಟ್ಸಾಪ್ ಗುಂಪು ಎಲ್ಲಕ್ಕಿಂತ ಮೇಲು. ಅಲ್ಲೇ ಬಾಡಿಗೆಗಿರುವವರು, ತಂದೆತಾಯಿಯನ್ನು ಹತ್ತಿರ ಕರೆತರಲು ಬಯಸುವವರು ಮೊದಲ ಗಿರಾಕಿಗಳು.

ಹತ್ತು ಬ್ರೋಕರುಗಳಿಗೆ ಒಟ್ಟಿಗೆ ಹೇಳುವುದನ್ನು ಮಾತ್ರ ಬೇಡವೆನ್ನುತ್ತೇನೆ. ಒಬ್ಬೊಬ್ಬರು ಒಂದೊಂದು ಬೆಲೆ ಹೇಳುತ್ತಾರೆ, ಒಂದೇ ಗಿರಾಕಿಗೆ ಮೂರು ದರ ಕೇಳಿಬರುತ್ತದೆ, ಮಾಲೀಕರಿಗೆ ಏನೋ ತುರ್ತಿದೆ ಎಂಬ ಗುಮಾನಿ ಹುಟ್ಟುತ್ತದೆ. ಇಬ್ಬರಿಗೋ ಮೂವರಿಗೋ ಒಂದೇ ಬೆಲೆಯನ್ನು ಬರವಣಿಗೆಯಲ್ಲಿ ಕೊಡಿ. ಬೀಗದ ಕೈ ಯಾರಲ್ಲೂ ಬಿಡಬೇಡಿ.

ಹಿರಿಯರಿಬ್ಬರೇ ಇರುವ ಮನೆಯಾದರೆ ಇನ್ನೂ ಒಂದು ಮಾತು. ಬರುವವರ ಹೆಸರು, ಫೋನ್ ಸಂಖ್ಯೆ ಹಿಂದಿನ ದಿನವೇ ಪಡೆದು ಮಕ್ಕಳಿಗೋ ನೆರೆಯವರಿಗೋ ಕಳಿಸಿರಬೇಕು. ತೋರಿಸುವಾಗ ನೆರೆಯವರೊಬ್ಬರು ಹಾಲ್‌ನಲ್ಲಿ ಕೂತಿರಲಿ. ಹೇಳದೆ ಬಂದವರಿಗೆ ಎಷ್ಟೇ ದೂರದಿಂದ ಬಂದಿದ್ದರೂ ಬಾಗಿಲು ತೆಗೆಯಬಾರದು. ಜಾಲತಾಣಕ್ಕೆ ಹಾಕುವ ಫೋಟೋಗಳಲ್ಲಿ ಮನೆ ನಂಬರು, ಕಾರಿನ ನಂಬರು, ಮಕ್ಕಳ ಚಿತ್ರ ಕಾಣದಂತೆ ನೋಡಿಕೊಳ್ಳಿ.

ಒಬ್ಬೊಬ್ಬರಿಗೆ ಬೇರೆ ಹೊತ್ತು ಕೊಡುವುದೋ, ಒಂದೇ ಬೆಳಿಗ್ಗೆ ಎಲ್ಲರನ್ನೂ ಕರೆಯುವುದೋ ಎಂಬುದಕ್ಕೆ ಉತ್ತರ ಚಿಕ್ಕದು. ನಿವೇಶನವಾದರೆ ಒಟ್ಟಿಗೆ ಕರೆಯಬಹುದು, ಪೈಪೋಟಿ ಕಣ್ಣಿಗೆ ಕಾಣುತ್ತದೆ. ಮನೆಯಾದರೆ ಅರ್ಧ ಗಂಟೆಯ ಅಂತರ ಕೊಟ್ಟು ಬೇರೆ ಬೇರೆ ಕರೆಯಿರಿ.

ಕಾಲ ಮತ್ತು ಹೊತ್ತು

ನಮ್ಮಲ್ಲಿ ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮನೆಯ ಮಾತು ಮುಂದುವರಿಸಲು ಹಲವರು ಹಿಂಜರಿಯುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಯುಗಾದಿ, ಅಕ್ಷಯ ತೃತೀಯದವರೆಗೆ, ಮತ್ತೆ ಶ್ರಾವಣದಲ್ಲಿ, ದಸರಾದಿಂದ ದೀಪಾವಳಿಯವರೆಗೆ ಓಡಾಟ ಹೆಚ್ಚು. ಹಿಂಜರಿಯುವ ಆ ಮೂರು ಅವಧಿಗಳನ್ನು ದುರಸ್ತಿಗೂ ಕಾಗದಪತ್ರಕ್ಕೂ ಬಳಸಿ, ಒಳ್ಳೆಯ ಕಾಲ ಶುರುವಾದ ವಾರವೇ ಮಾರಾಟಕ್ಕೆ ಇಡಿ. ರಾಹುಕಾಲ ನೋಡುವವರೂ ಕಡಿಮೆಯಿಲ್ಲ: ಶನಿವಾರ ಒಂಬತ್ತರಿಂದ ಹತ್ತೂವರೆ, ಭಾನುವಾರ ಸಂಜೆ ನಾಲ್ಕೂವರೆಯಿಂದ ಆರು. ನೀವು ನಂಬಿ, ಬಿಡಿ, ಭಾನುವಾರ ಬೆಳಗಿನ ಹೊತ್ತನ್ನೇ ಆರಿಸಿದರೆ ಬೆಳಕೂ ಚೆನ್ನಾಗಿರುತ್ತದೆ, ಯಾರಿಗೂ ಅಡ್ಡಿಯಿಲ್ಲ.

ಮಳೆಗಾಲದಲ್ಲಿ ತೋರಿಸಬೇಡಿ ಎಂಬ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು. ಆಗಲೂ ತಾರಸಿ ಸೋರದೆ, ರಸ್ತೆಯಲ್ಲಿ ನೀರು ನಿಲ್ಲದೆ ಇದ್ದರೆ ಅದಕ್ಕಿಂತ ದೊಡ್ಡ ಜಾಹೀರಾತು ಇನ್ನಿಲ್ಲ. ಮಳೆ ಬಿದ್ದ ಮರುದಿನ ಬೆಳಿಗ್ಗೆಯೇ ಕರೆದು, ತಾರಸಿಯ ಮೇಲೆ ನಡೆಸಿ ತೋರಿಸಿ. ಬೇಸಿಗೆಯಲ್ಲಿ ತೋರಿಸುವುದಾದರೆ ನೀರಿನ ಪ್ರಶ್ನೆಗೆ ಸಿದ್ಧರಾಗಿರಿ. 2024ರ ಬೇಸಿಗೆಯ ನೀರಿನ ಬರ ಕಂಡವರು ಕಾವೇರಿ ವಾರಕ್ಕೆ ಎಷ್ಟು ದಿನ ಬರುತ್ತದೆ, ಸಂಪು ಎಷ್ಟು ಲೀಟರಿನದು, ಕೊಳವೆಬಾವಿ ಎಷ್ಟು ಅಡಿ ಎಂದು ಕೇಳದೆ ಹೋಗುವುದಿಲ್ಲ.

ಕಾಗದಗಳು: ಮೊದಲೋ, ಗಿರಾಕಿ ಬಂದ ಮೇಲೋ

ಇದರಲ್ಲಿ ಎರಡನೆಯ ಮಾತೇ ಇಲ್ಲ, ಮೊದಲೇ. ಬಣ್ಣ ಮತ್ತು ಕಾಗದ ಎರಡರಲ್ಲಿ ಒಂದಕ್ಕೆ ಮಾತ್ರ ಹಣ, ಸಮಯ ಇದ್ದರೆ ಕಾಗದಕ್ಕೇ ಕೊಡಿ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಇಲ್ಲದೆ ಕ್ರಯಪತ್ರ ನೋಂದಣಿಯಾಗುವುದಿಲ್ಲ. ಆಧಾರಿನಲ್ಲಿ ಒಂದು ಹೆಸರು, ಪತ್ರದಲ್ಲಿ ತಂದೆಯ ಹೆಸರು ಸೇರಿದ ಇನ್ನೊಂದು ರೂಪ ಇದ್ದರೆ ಅದನ್ನು ಸರಿಪಡಿಸಲು ಬೇಕಾಗುವ ಕಾಲದಲ್ಲಿ ಗಿರಾಕಿ ಬೇರೆ ಮನೆ ನೋಡಿಕೊಂಡಿರುತ್ತಾನೆ. ಬಿ-ಖಾತಾ (ನಿಯಮದ ಪ್ರಕಾರ ಪೂರ್ತಿ ಸಕ್ರಮವಲ್ಲದ ಆಸ್ತಿಯ ಖಾತೆ) ಆಗಿದ್ದರೆ ಅದನ್ನು ಮೊದಲ ಫೋನಿನಲ್ಲೇ ಹೇಳಬೇಕು, ಏಕೆಂದರೆ ಅದಕ್ಕೆ ಹಲವು ಬ್ಯಾಂಕುಗಳು ಸಾಲ ಕೊಡುವುದಿಲ್ಲ.

ಕಡತದಲ್ಲಿ ಇರಬೇಕಾದವು: ಮೂಲ ಪತ್ರದಿಂದ ನಿಮ್ಮವರೆಗಿನ ಕ್ರಯಪತ್ರಗಳ ಸರಣಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಪಡೆದ ಹೊಸ ಋಣಭಾರ ಪ್ರಮಾಣಪತ್ರ, ಇ-ಖಾತಾ, ಈ ವರ್ಷದ ತೆರಿಗೆ ರಸೀದಿ, ಮಂಜೂರಾದ ನಕ್ಷೆ, ವಾಸಯೋಗ್ಯ ಪ್ರಮಾಣಪತ್ರ ಇದ್ದರೆ ಅದು, ವಿದ್ಯುತ್ ಮತ್ತು ನೀರಿನ ಬಿಲ್ಲು. ಫ್ಲ್ಯಾಟಾದರೆ ಸಂಘದಿಂದ ಬಾಕಿಯಿಲ್ಲವೆಂಬ ಪತ್ರ. ನಿಮ್ಮ ಸಾಲ ಇನ್ನೂ ಇದ್ದರೆ, ಯಾವ ಪತ್ರಗಳು ತನ್ನಲ್ಲಿವೆ ಎಂದು ಬ್ಯಾಂಕು ಕೊಡುವ ಪಟ್ಟಿ. ತಂದೆಯಿಂದ ಬಂದ ಮನೆಯಾದರೆ ವಂಶವೃಕ್ಷ, ವಿಭಾಗಪತ್ರ. ಅಕ್ಕತಂಗಿಯರ ಸಹಿ ಬೇಕಾಗುತ್ತದೆಂದು ತಿಳಿದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವರಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿದೆ ಎಂಬುದನ್ನು ನೆನಪಿಟ್ಟು, ಅವರನ್ನು ಮನೆ ತೋರಿಸುವ ಮೊದಲೇ ಗೌರವದಿಂದ ಕೂರಿಸಿ ಮಾತಾಡಬೇಕು. ಗಿರಾಕಿ ಸಿಕ್ಕ ಮೇಲೆ ಅವಸರದಲ್ಲಿ ಸಹಿ ಕೇಳುವುದು ಕಾನೂನಿಗೂ ಸಂಬಂಧಕ್ಕೂ ಒಳ್ಳೆಯದಲ್ಲ.

ಬಂದವರೆಲ್ಲರಿಗೂ ಈ ಕಡತ ಕೊಡಬೇಕಾಗಿಲ್ಲ. ಎರಡನೆಯ ಸಲ ಬಂದವರಿಗೆ ಜೆರಾಕ್ಸ್ ಕೊಡಿ, ಪ್ರತಿ ಹಾಳೆಯ ಮೇಲೆ ‘ಪರಿಶೀಲನೆಗೆ ಮಾತ್ರ’ ಎಂದು ಅಡ್ಡಲಾಗಿ ಬರೆದು ತಾರೀಖು ಹಾಕಿ. ಮೂಲ ಪತ್ರವನ್ನು ಅವರ ವಕೀಲರು ನಿಮ್ಮ ಎದುರಿನಲ್ಲೇ ನೋಡಲಿ.

ಟೋಕನ್ ಕೊಟ್ಟ ಮೇಲೆ

ಟೋಕನ್, ಅಂದರೆ ಮಾತು ಗಟ್ಟಿಮಾಡಲು ಕೊಡುವ ಮುಂಗಡ, ಕೈಗೆ ಬಂದ ಮೇಲೂ ಬೇರೆಯವರಿಗೆ ತೋರಿಸುತ್ತಿರಬೇಕೇ, ನಿಲ್ಲಿಸಬೇಕೇ? ನಿಲ್ಲಿಸಬೇಕು ಎನ್ನುವ ಪಕ್ಷ ನನ್ನದು, ಆದರೆ ಗಡುವಿನೊಂದಿಗೆ. ವಕೀಲರ ಅಭಿಪ್ರಾಯಕ್ಕೂ ಬ್ಯಾಂಕಿನ ಮೌಲ್ಯಮಾಪಕರು ಬಂದುಹೋಗಲಿಕ್ಕೂ ಎರಡು ಮೂರು ವಾರ ಸಾಕು. ಅಷ್ಟರೊಳಗೆ ಕ್ರಯದ ಕರಾರು ಆಗದಿದ್ದರೆ ಟೋಕನ್ ವಾಪಸೋ, ಮುಟ್ಟುಗೋಲೋ, ಎಷ್ಟು ಭಾಗ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹಣ ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಬರಲಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ತೆಗೆದುಕೊಂಡರೆ ಆದಾಯ ತೆರಿಗೆ ಕಾನೂನಿನಡಿ ತೆಗೆದುಕೊಂಡವರಿಗೇ ದಂಡ. ಆ ಗಡುವಿನ ದಿನಗಳಲ್ಲಿ ಫೋನು ಮಾಡುವ ಬೇರೆ ಗಿರಾಕಿಗಳ ಹೆಸರು, ಸಂಖ್ಯೆ ಬರೆದಿಟ್ಟುಕೊಂಡು, ಮಾತು ನಡೆಯುತ್ತಿದೆ, ಇಂಥ ತಾರೀಖಿನ ಮೇಲೆ ತಿಳಿಸುತ್ತೇವೆ ಎಂದು ಹೇಳಿ. ಮೌಲ್ಯಮಾಪಕರು ಬರುವ ದಿನ ಮಂಜೂರಾದ ನಕ್ಷೆಯ ಪ್ರತಿ ಮೇಜಿನ ಮೇಲಿರಲಿ, ತಾರಸಿಯ ಬಾಗಿಲ ಬೀಗ ತೆಗೆದಿರಲಿ.